ಹಿತ್ತಲ ಈಜುಗೊಳಕ್ಕೆ ಹನ್ನೆರಡು ವರ್ಷ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ. ಅಡಿಪಾಯದ ದಿನ ಹಾಕಿಕೊಂಡ ಲೆಕ್ಕವು ಗೃಹಪ್ರವೇಶದ ದಿನದ ಲೆಕ್ಕದೊಡನೆ ತಾಳೆಯಾದ ಮನೆ ಊರಿಗೆ ಎಷ್ಟಿದ್ದೀತು? ಇಟ್ಟಿಗೆ ಬಂದ ದಿನ ಮೇಸ್ತ್ರಿ ಬರುವುದಿಲ್ಲ. ಮೇಸ್ತ್ರಿ ಬಂದ ದಿನ ಮಳೆ ಬರುತ್ತದೆ. ಇವೆಲ್ಲವೂ ಕೂಡಿಬಂದ ಶುಭದಿನದಲ್ಲಿ ಯಜಮಾನನ ಕೈಯಲ್ಲಿ ಹಣವಿರುವುದಿಲ್ಲ. ಅಷ್ಟರಲ್ಲಿ ಮನೆಯಾಕೆಗೆ ಅಡಿಗೆಮನೆಯ ಕಿಟಕಿ ಪೂರ್ವಕ್ಕಿದ್ದರೆ ಚೆನ್ನಾಗಿತ್ತೆಂದು ತೋರುತ್ತದೆ. ಕಟ್ಟಿದ ಗೋಡೆ ಒಡೆಯುತ್ತದೆ. ತಿಂಗಳು ಒಂದು ಕಳೆಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯದಂಥ ಬಿಸಿಲುನಾಡಿನಲ್ಲಿ ಈ ಗಾದೆಗೆ ಇನ್ನೊಂದು ತುಣುಕನ್ನು ಸೇರಿಸಬಹುದು: ‘ಹಿತ್ತಲಲ್ಲಿ ಈಜುಗೊಳ ಕಟ್ಟಿಸಿ ನೋಡು.’ ಅಲ್ಲಿ ಮನೆಯ ಹಿಂಬದಿಯ ಈಜುಗೊಳ ರಾಜಮಹಾರಾಜರ ಸೊತ್ತೇನೂ ಅಲ್ಲ. ಮಧ್ಯಮ ವರ್ಗದ ಸಂಸಾರಗಳೂ ಸಾಲ ಮಾಡಿ ಕಟ್ಟಿಸುವ ಸುಖಸಾಧನ. ೨೦೨೦ರಲ್ಲಿ ಕೋವಿಡ್ ಪಿಡುಗು ಜನರನ್ನು ಮನೆಯೊಳಗೆ ಕೂಡಿಹಾಕಿದಾಗ ಈ ಬಯಕೆ ದೇಶಕ್ಕೆ ದೇಶವನ್ನೇ ಹಿಡಿಯಿತು. ಗುತ್ತಿಗೆದಾರರ ಮುಂದೆ ಸಾಲು ಬೆಳೆಯಿತು. ಬೇಸಗೆಗೆ ಸಿದ್ಧವಾಗಬೇಕಿದ್ದ ಕೊಳಗಳು ಮರುಬೇಸಗೆಗೆ ಹೋದವು. ಅದೇ ವರ್ಷದ ಆಗಸ್ಟಿನಲ್ಲಿ ಚಂಡಮಾರುತದ ಹೊಡೆತಕ್ಕೆ ಸಿಕ್ಕ ಲೂಯಿಸಿಯಾನದ ಕ್ಲೋರಿನ್ ಕಾರ್ಖಾನೆಯೊಂದು ಬೆಂಕಿಗೆ ಆಹುತಿಯಾಗಲು, ಕೊಳ ಸಿದ್ಧವಾದವರಿಗೂ ೨೦೨೧ರ ಬೇಸಗೆಯಲ್ಲಿ ನೀರನ್ನು ಶುದ್ಧಿಮಾಡುವ ಗುಳಿಗೆಗಳು ಸಾಕಷ್ಟು ದೊರೆಯದಾದವು.

ಪಿಡುಗು ಇಲ್ಲದ ಕಾಲದಲ್ಲಿಯೂ ವಿಘ್ನಗಳಿಗೆ ಕೊರತೆಯಿಲ್ಲ. ಅಗೆಯುವ ಯಂತ್ರಕ್ಕೆ ನಾಲ್ಕು ಅಡಿ ಆಳದಲ್ಲಿ ಬಂಡೆ ಎದುರಾದರೆ ಕೆಲಸ ನಿಂತಿತು. ಬಂಡೆಯ ಬದಲು ಅಂತರ್ಜಲ ಸಿಕ್ಕಿದರೆ ಅದು ಇನ್ನೂ ಕಷ್ಟ. ಕೆಳಗಿನ ನೀರು ಖಾಲಿ ತೊಟ್ಟಿಯನ್ನು ದೋಣಿಯಂತೆ ಮೇಲಕ್ಕೆತ್ತಿ ಬಿರುಕು ಬಿಡಿಸುವುದುಂಟು. ಕಬ್ಬಿಣದ ಸಲಾಕಿ ಕಟ್ಟಿದ ಮೇಲೆ ಒಮ್ಮೆ, ಕೊಳವೆ ಜೋಡಿಸಿದ ಮೇಲೆ ಒಮ್ಮೆ, ವಿದ್ಯುತ್ ತಂತಿ ಎಳೆದ ಮೇಲೆ ಮತ್ತೊಮ್ಮೆ ಸರಕಾರಿ ತನಿಖಾಧಿಕಾರಿ ಬಂದು ಒಪ್ಪಿಗೆ ನೀಡಬೇಕು. ಕಾಂಕ್ರೀಟು ತನ್ನ ಪೂರ್ಣ ಬಲವನ್ನು ಪಡೆಯಲು ಸುಮಾರು ೨೮ ದಿನ ಬೇಕೆಂದು ಕಟ್ಟಡಶಾಸ್ತ್ರ ಹೇಳುತ್ತದೆ. ಯಜಮಾನನ ಆತುರಕ್ಕೆ ಅದು ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲ.

ಆದರೆ ಈ ವಿಘ್ನಗಳೆಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು, ಯಜಮಾನನ ಮನಸ್ಸೊಂದನ್ನೇ ಇನ್ನೊಂದರಲ್ಲಿಟ್ಟರೆ ಯಾವುದು ಹೆಚ್ಚು ತೂಗೀತು? ಇದಕ್ಕೆ ಉತ್ತರವನ್ನು ಕ್ಯಾಲಿಫೋರ್ನಿಯದ ಕಡಲತೀರದ ಬೆಟ್ಟವೊಂದರ ಮೇಲೆ ಇಂದಿಗೂ ಕಾಣಬಹುದು. ಒಬ್ಬ ಸಿರಿವಂತನು ತನ್ನ ಮನೆಯ ಅಂಗಳದಲ್ಲಿ ಒಂದು ಈಜುಗೊಳವನ್ನು ಕಟ್ಟಿಸಹೊರಟು, ಅದನ್ನು ಒಂದಲ್ಲ ಎರಡಲ್ಲ, ಮೂರು ಬಾರಿ ಕಟ್ಟಿಸಿದನು. ಆರಂಭವಾದದ್ದು ೧೯೨೪ರಲ್ಲಿ, ಮುಗಿದದ್ದು ೧೯೩೬ರಲ್ಲಿ.

ಗುಡಾರದ ಬೆಟ್ಟ

ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಲಾಸ್ ಏಂಜಲೀಸ್ ನಗರಗಳ ಹೆಚ್ಚುಕಡಮೆ ನಡುವೆ ಸ್ಯಾನ್ ಸಿಮಿಯನ್ ಎಂಬ ಸಣ್ಣ ಬಂದರು ಇದೆ. ಅಲ್ಲಿಂದ ಒಳನಾಡಿಗೆ ಏರಿದ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು ೧,೬೦೦ ಅಡಿ ಎತ್ತರದಲ್ಲಿದೆ. ಗಣಿಗಳಿಂದ ಐಶ್ವರ್ಯ ಗಳಿಸಿದ ಜಾರ್ಜ್ ಹರ್ಸ್ಟ್ ಎಂಬಾತ ೧೮೬೫ರಲ್ಲಿ ಇಲ್ಲಿ ದನಗಾವಲಿನ ಭೂಮಿಯನ್ನು ಕೊಂಡನು. ಆತನ ಏಕಮಾತ್ರ ಪುತ್ರ ವಿಲಿಯಂ ರ್‍ಯಾಂಡಾಲ್ಫ್ ಹರ್ಸ್ಟ್. ೧೮೬೩ರಲ್ಲಿ ಹುಟ್ಟಿದ ಈತ ಮುಂದೆ ಅಮೆರಿಕದ ಉದ್ದಗಲಕ್ಕೂ ಪತ್ರಿಕೆಗಳನ್ನು ನಡೆಸಿ, ಮಂತ್ರಿಮಂಡಲಗಳನ್ನು ನಡುಗಿಸುವಷ್ಟು ಪ್ರಭಾವಶಾಲಿಯಾದನು. ಹತ್ತು ವರ್ಷದ ಬಾಲಕನಾಗಿದ್ದಾಗಲೇ ತಾಯಿ ಫೀಬಿಯೊಡನೆ ಯೂರೋಪನ್ನು ಸುತ್ತಿ ಬಂದ ಅವನ ಕಣ್ಣಿನಲ್ಲಿ ಅಲ್ಲಿಯ ಅರಮನೆಗಳೂ ಚರ್ಚುಗಳೂ ಅಮೃತಶಿಲೆಯ ಪ್ರತಿಮೆಗಳೂ ಅಚ್ಚೊತ್ತಿ ನಿಂತಿದ್ದವು.

ಬೇಸಗೆಯಲ್ಲಿ ಹರ್ಸ್ಟನ ಸಂಸಾರ ಆ ಬೆಟ್ಟದ ನೆತ್ತಿಗೆ ಬಂದು ಗುಡಾರ ಹೂಡಿ ಇರುತ್ತಿದ್ದಿತು. ೧೯೧೯ರಲ್ಲಿ ತಾಯಿ ತೀರಿಕೊಂಡು ಆಸ್ತಿಯೆಲ್ಲ ಕೈಗೆ ಬಂದಾಗ ಆತನಿಗೆ ಐವತ್ತಾರು ವರ್ಷ. ಗುಡಾರದಲ್ಲಿ ಮಲಗುವ ವಯಸ್ಸು ಕಳೆದಿತ್ತು. ಬೆಟ್ಟದ ಮೇಲೆ ತಕ್ಕಮಟ್ಟಿಗೆ ಅನುಕೂಲವಾದ ಒಂದು ಬಂಗಲೆ ಇದ್ದರೆ ಸಾಕೆಂದು ಆತ ವಾಸ್ತುಶಿಲ್ಪಿಯ ಮುಂದೆ ಹೇಳಿಕೊಂಡನಂತೆ. ಆ ‘ಸಾಕು’ ಎಂಬ ಮಾತು ಎಲ್ಲಿಗೆ ಬೆಳೆಯಿತೆಂದರೆ, ಕೊನೆಗೆ ಅಲ್ಲಿ ನಿಂತದ್ದು ೧೬೫ ಕೋಣೆಗಳು, ೧೨೭ ಎಕರೆಯ ಉದ್ಯಾನ ಮತ್ತು ಜಗಲಿಗಳು, ಒಂದು ಮಹಾಸೌಧ, ಮೂರು ಅತಿಥಿಗೃಹಗಳು. ಕೆಲಸ ನಡೆದದ್ದು ೧೯೧೯ರಿಂದ ೧೯೪೭ರವರೆಗೆ. ‘ಮಾಯಾಬೆಟ್ಟ’ ಎಂಬರ್ಥದ ಸ್ಪಾನಿಷ್ ಹೆಸರನ್ನು ಹರ್ಸ್ಟನೇ ಅದಕ್ಕೆ ಇಟ್ಟನು.

ಕಾಯುವುದನ್ನು ಬಲ್ಲ ಶಿಲ್ಪಿ

ಆ ವಾಸ್ತುಶಿಲ್ಪಿ ಒಬ್ಬ ಮಹಿಳೆ. ಹೆಸರು ಜೂಲಿಯಾ ಮಾರ್ಗನ್. ಎತ್ತರ ಐದು ಅಡಿಯ ಆಸುಪಾಸು, ಮೈಕಟ್ಟು ಸಣಕಲು, ಮಾತು ಮೆಲು. ೧೮೯೪ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದಿಂದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದ ಆಕೆ ೧೮೯೬ರಲ್ಲಿ ಪ್ಯಾರಿಸ್ಸಿಗೆ ಹೋದಳು. ಅಲ್ಲಿಯ ಸುಪ್ರಸಿದ್ಧ ಕಲಾಶಾಲೆಯ ವಾಸ್ತುಶಿಲ್ಪ ವಿಭಾಗದಲ್ಲಿ ಅದುವರೆಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಪ್ರವೇಶ ಪರೀಕ್ಷೆಗೆ ಮತ್ತೆ ಮತ್ತೆ ಕುಳಿತು, ಎರಡು ವರ್ಷ ಬಾಗಿಲಲ್ಲಿ ಕಾದು, ೧೮೯೮ರಲ್ಲಿ ಆ ವಿಭಾಗಕ್ಕೆ ಸೇರಿದ ಮೊದಲ ಮಹಿಳೆ ಎನ್ನಿಸಿಕೊಂಡಳು. ಮೂವತ್ತು ತುಂಬಿದವರಿಗೆ ಅಲ್ಲಿ ಓದುವ ಅವಕಾಶವಿರಲಿಲ್ಲ. ಆ ಗಡುವು ಮುಗಿಯುವುದರೊಳಗೆ, ೧೯೦೨ರಲ್ಲಿ, ಪ್ರಮಾಣಪತ್ರವನ್ನು ಪಡೆದೇ ಊರಿಗೆ ಮರಳಿದಳು. ೧೯೦೪ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವಾಸ್ತುಶಿಲ್ಪಿಯಾಗಿ ಪರವಾನಗಿ ಪಡೆದ ಮೊದಲ ಮಹಿಳೆಯೂ ಆಕೆಯೇ. ಅದೇ ವರ್ಷ ಓಕ್‌ಲೆಂಡಿನ ಮಿಲ್ಸ್ ಕಾಲೇಜಿಗಾಗಿ ಕಬ್ಬಿಣಗೂಡಿದ ಕಾಂಕ್ರೀಟಿನಿಂದ ಆಕೆ ಕಟ್ಟಿದ ಗಂಟೆಗೋಪುರ ೧೯೦೬ರ ಮಹಾಭೂಕಂಪದಲ್ಲಿ ಅಲುಗದೆ ನಿಂತಿತು. ಊರೆಲ್ಲ ಉರುಳಿಬಿದ್ದಾಗ ನಿಂತಿದ್ದ ಆ ಗೋಪುರವೇ ಆಕೆಯ ಹೆಸರನ್ನು ಎತ್ತಿ ಹಿಡಿಯಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಕೆಯ ಕಚೇರಿ. ವಾರದ ದಿನಗಳಲ್ಲಿ ಅಲ್ಲಿಯ ಕೆಲಸ. ವಾರದ ಕೊನೆಯಲ್ಲಿ ಸುಮಾರು ೨೦೦ ಮೈಲಿ ರೈಲಿನಲ್ಲಿ ಪ್ರಯಾಣ ಮಾಡಿ, ಅಲ್ಲಿಂದ ಮುಂದಕ್ಕೆ ಬಾಡಿಗೆಯ ಮೋಟಾರಿನಲ್ಲಿ ಬೆಟ್ಟ ತಲಪುವಳು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಹೀಗೆ ಐನೂರಕ್ಕೂ ಹೆಚ್ಚು ಬಾರಿ ಹೋಗಿಬಂದಳೆಂದರೆ ಆ ನಿಷ್ಠೆಯನ್ನು ಊಹಿಸಿಕೊಳ್ಳಬಹುದು. ಹರ್ಸ್ಟ್ ಊರಿನಲ್ಲಿಲ್ಲದಾಗ ಇಬ್ಬರ ನಡುವೆ ಕಾಗದಗಳೂ ತಂತಿಗಳೂ ಓಡಾಡುತ್ತಿದ್ದವು. ಬಾಗಿಲ ಹಿಡಿಕೆಯಿಂದ ಹೂವಿನ ಪಾತಿಯವರೆಗೆ ಆತ ವಿಚಾರಿಸದ ಸಂಗತಿಯಿಲ್ಲ; ಆಕೆ ಉತ್ತರಿಸದ ಪ್ರಶ್ನೆಯಿಲ್ಲ. ಆ ಪತ್ರಗಳ ದೊಡ್ಡ ರಾಶಿಯೊಂದು ಸ್ಯಾನ್ ಲೂಯಿ ಒಬಿಸ್ಪೋದ ವಿಶ್ವವಿದ್ಯಾನಿಲಯದಲ್ಲಿ ಜೋಪಾನವಾಗಿದೆ.

ಮೊದಲನೆಯದು, ಎರಡನೆಯದು

ಸೌಧದ ವಾಯವ್ಯದ ಇಳಿಜಾರಿನಲ್ಲಿ ಈಜುಗೊಳ ಬರಬೇಕೆಂಬುದು ಮೊದಲ ಆಲೋಚನೆಯೇ ಅಲ್ಲ. ಅಲ್ಲಿ ಬರಬೇಕಾಗಿದ್ದುದು ಒಂದು ಹೂದೋಟ. ಅದರ ಮಧ್ಯೆ ಕಣ್ಣಿಗೆ ಅಂದವಾದ ಪುಟ್ಟ ಕೊಳ. ದಡದಲ್ಲಿ ರೋಮನ್ ದೇವಾಲಯದ ಮುಖಮಂಟಪ. ಇಟಲಿಯಿಂದ ಕೊಂಡುತಂದ ಪುರಾತನ ಕಂಬ ಮತ್ತು ಶಿಲ್ಪಖಂಡಗಳಿಗೆ ಒಂದು ನೆಲೆ ಬೇಕಾಗಿದ್ದಿತು. ೧೯೨೪ರಲ್ಲಿ ಯಜಮಾನನಿಗೆ ಇನ್ನೊಂದು ವಿಚಾರ ಹೊಳೆಯಿತು: ಹೇಗೂ ನೀರು ನಿಲ್ಲುವುದಾದರೆ ಅದರಲ್ಲಿ ಈಜಬಾರದೇಕೆ? ತಾವರೆಗೆಂದು ಗುರುತುಮಾಡಿದ ಕೊಳ ಮನುಷ್ಯರಿಗೆಂದು ಮಾರ್ಪಟ್ಟಿತು.

ಇದು ಕೇಳಲು ಸುಲಭ. ಕಟ್ಟುವವರಿಗೆ ಮಾತ್ರ ಅದರ ಕಷ್ಟ ಗೊತ್ತು. ಈಜುಗೊಳವೆಂಬುದು ನೆಲದಲ್ಲಿ ತೋಡಿದ ಹೊಂಡವಲ್ಲ. ನೆಲದಲ್ಲಿ ಹುದುಗಿಸಿಟ್ಟ ಒಂದು ಭಾರಿ ಪಾತ್ರೆ. ಒಂದು ಘನಮೀಟರು ನೀರು ಒಂದು ಟನ್ನು ತೂಗುತ್ತದೆ. ಸಮನೆಲದಲ್ಲಿಯಾದರೆ ಸುತ್ತಣ ಮಣ್ಣು ಗೋಡೆಗಳಿಗೆ ಆಸರೆಯಾದೀತು. ಬೆಟ್ಟದ ಇಳಿಜಾರಿನಲ್ಲಿ ಒಂದು ಬದಿಗೆ ಮಣ್ಣಿನ ಒತ್ತಡ, ಇನ್ನೊಂದು ಬದಿಗೆ ಬರಿಯ ಗಾಳಿ. ಅದಕ್ಕೆ ತಕ್ಕ ತೊಲೆಗಳು ಬೇಕು, ಕಂಬಗಳು ಬೇಕು. ಸಲಾಕಿಯ ಲೆಕ್ಕ ತಪ್ಪುವಂತಿಲ್ಲ. ನೀರು ಬರುವ ಕೊಳವೆ, ಹೋಗುವ ಕೊಳವೆ, ಸೋಸುವ ಯಂತ್ರ ಎಲ್ಲಕ್ಕೂ ಕಾಂಕ್ರೀಟು ಹಾಕುವ ಮುನ್ನವೇ ಸ್ಥಾನ ನಿಗದಿಯಾಗಬೇಕು.

ಇಂಥ ಪಾತ್ರೆಯನ್ನು ಒಮ್ಮೆ ಎರೆದ ಮೇಲೆ ‘ಇನ್ನು ಹತ್ತು ಅಡಿ ಉದ್ದವಾಗಲಿ’ ಎಂದರೆ ಆಗುವ ಫಜೀತಿಯನ್ನು ಗೃಹಸ್ಥರು ಬಲ್ಲರು. ಕೋಣೆಯ ಗೋಡೆ ಒಡೆದು ಮುಂದಕ್ಕೆ ಕಟ್ಟಬಹುದು. ಬೆಸುಗೆಯ ಗೆರೆ ಕಂಡರೆ ಸುಣ್ಣ ಬಳಿಯಬಹುದು. ನೀರಿನ ತೊಟ್ಟಿಗೆ ಆ ಉಪಾಯ ನಡೆಯದು. ಗಟ್ಟಿಯಾದ ಹಳೆಯ ಕಾಂಕ್ರೀಟಿಗೆ ಹೊಸ ಕಾಂಕ್ರೀಟು ಒಂದೇ ಮೈಯಾಗಿ ಬೆಸೆದುಕೊಳ್ಳುವುದಿಲ್ಲ. ಎರಡೂ ಸೇರುವ ಸಂದು ಕಣ್ಣಿಗೆ ಕಾಣದಿದ್ದರೂ ನೀರಿಗೆ ಕಾಣುತ್ತದೆ.

ಮೊದಲನೆಯ ಕೊಳ ಬಳಕೆಗೆ ಬಂದ ಕೆಲವು ವರ್ಷಗಳಲ್ಲೇ ಅದು ಚಿಕ್ಕದಾಯಿತೆಂದು ಹರ್ಸ್ಟನಿಗೆ ತೋರಿತು. ಅತಿಥಿಗಳು ಹೆಚ್ಚುತ್ತಿದ್ದರು. ಚಿತ್ರನಟಿ ಮೇರಿಯನ್ ಡೇವಿಸ್ ಅಲ್ಲಿಯ ಸತ್ಕಾರದ ಕೇಂದ್ರವಾಗಿದ್ದಳು. ಹಾಲಿವುಡ್ಡಿನ ತಾರೆಯರು ವಾರವಾರವೂ ಬಂದಿಳಿಯುತ್ತಿದ್ದರು. ಕೊಳ ಎರಡನೆಯ ಬಾರಿ ಕಟ್ಟಲ್ಪಟ್ಟಿತು, ಮೊದಲಿಗಿಂತ ದೊಡ್ಡದಾಗಿ. ೧೯೨೯ರಲ್ಲಿ ವಿನ್‌ಸ್ಟನ್ ಚರ್ಚಿಲ್ ಬಂದಾಗಲೂ, ೧೯೩೩ರಲ್ಲಿ ಜಾರ್ಜ್ ಬರ್ನಾರ್ಡ್ ಷಾ ಬಂದಾಗಲೂ ಅಲ್ಲಿದ್ದುದು ಈ ಎರಡನೆಯ ಕೊಳ. ಇತರರ ಕಣ್ಣಿಗೆ ಅದರಲ್ಲಿ ಯಾವ ಊನವೂ ಕಾಣುತ್ತಿರಲಿಲ್ಲ. ಯಜಮಾನನ ಮನಸ್ಸಿನಲ್ಲಿ ಮಾತ್ರ ಮೂರನೆಯದರ ಚಿತ್ರ ಆಗಲೇ ಮೂಡತೊಡಗಿತ್ತು.

ತಡಕ್ಕೆ ಕಾರಣ ಮೂರು

ಕೆಲಸ ತಡವಾಗಲು ಬೆಟ್ಟವೂ ತನ್ನ ಪಾಲನ್ನು ಸಲ್ಲಿಸಿತು. ಸಿಮೆಂಟು, ಕಬ್ಬಿಣ, ಮರ ಇವೆಲ್ಲ ಹಡಗಿನಲ್ಲಿ ಸ್ಯಾನ್ ಸಿಮಿಯನ್ ಬಂದರಿಗೆ ಬಂದು, ಅಲ್ಲಿಂದ ಲಾರಿಗಳಲ್ಲಿ ಐದು ಮೈಲಿಯ ಅಂಕುಡೊಂಕು ದಾರಿಯಲ್ಲಿ ಮೇಲೇರಬೇಕು. ಚಳಿಗಾಲದ ಮಳೆ ಹಿಡಿದರೆ ದಾರಿ ಕೆಸರಿನ ಗದ್ದೆ. ನೀರನ್ನು ಹತ್ತಿರದ ಇನ್ನೂ ಎತ್ತರದ ಬೆಟ್ಟದ ಒರತೆಗಳಿಂದ ಕೊಳವೆಯಲ್ಲಿ ಇಳಿಸಿ ತರಬೇಕಾಯಿತು. ಊರಿನಿಂದ ಅಷ್ಟು ದೂರದ ಬೆಟ್ಟದಲ್ಲಿ ನುರಿತ ಕೆಲಸಗಾರರನ್ನು ಹಿಡಿದು ನಿಲ್ಲಿಸುವುದೂ ಸುಲಭವಾಗಿರಲಿಲ್ಲ. ಅವರ ಊಟ, ವಸತಿ, ಬೇಸರ, ಜಗಳ ಎಲ್ಲವೂ ಜೂಲಿಯಾ ಮಾರ್ಗನ್ನಳ ಪತ್ರಗಳಲ್ಲಿ ಜಾಗ ಪಡೆದುವು.

ಎರಡನೆಯ ಕಾರಣ ಹಣ. ಕೋಟ್ಯಧೀಶನಿಗೆ ಹಣದ ಅಡಚಣೆಯೆ ಎಂದು ವಾಚಕರು ಹುಬ್ಬೇರಿಸಬಹುದು. ಹರ್ಸ್ಟನಿಗೆ ಆದಾಯ ಬಹಳವಿದ್ದಿತು. ವೆಚ್ಚ ಅದನ್ನು ಮೀರಿದ್ದಿತು. ಯೂರೋಪಿನ ಹರಾಜುಗಳಲ್ಲಿ ಚಿತ್ರ, ಪ್ರತಿಮೆ, ಮರಗೆಲಸದ ಮಾಳಿಗೆಗಳನ್ನು ಕೊಳ್ಳುವ ಕೈ ಒಂದು ದಿನವೂ ಸುಮ್ಮನಿರಲಿಲ್ಲ. ಹಾಗಾಗಿ ಬೆಟ್ಟದ ಕೆಲಸಕ್ಕೆ ಬರಬೇಕಾದ ಹಣ ಒಮ್ಮೊಮ್ಮೆ ತಡವಾಗಿ ಬರುತ್ತಿದ್ದಿತು. ಹಣ ಬಂದಾಗ ಆಳುಗಳು ಹೆಚ್ಚುವರು. ನಿಂತಾಗ ಮನೆಗೆ ಹೋಗುವರು. ವಾಸ್ತುಶಿಲ್ಪಿಯೇ ಲೆಕ್ಕ ಬರೆದು, ಸಾಮಾನಿನ ಅಂಗಡಿಗಳಿಗೆ ಸಮಾಧಾನ ಹೇಳಿ, ಕೂಲಿಯವರ ಮುಂದೆ ಮುಖ ಉಳಿಸಿಕೊಳ್ಳಬೇಕಾಗಿತ್ತು.

ಮೂರನೆಯ ಕಾರಣವೇ ಎಲ್ಲಕ್ಕೂ ಮಿಗಿಲಾದದ್ದು. ಹರ್ಸ್ಟನಿಗೆ ಕಟ್ಟಿ ಮುಗಿಸುವುದರಲ್ಲಿ ಇದ್ದ ಆಸಕ್ತಿಗಿಂತ ಕಟ್ಟುತ್ತಿರುವುದರಲ್ಲಿ ಇದ್ದ ಆನಂದ ಹೆಚ್ಚು. ನಕ್ಷೆಯ ಮೇಲೆ ತೃಪ್ತಿಯಾದದ್ದು ಕಲ್ಲಿನಲ್ಲಿ ಎದ್ದು ನಿಂತಾಗ ಸಾಲದೆಂದು ತೋರುವುದು. ಮಹಾಸೌಧದ ಗೋಪುರಗಳನ್ನು ಸಹ ಹೀಗೆಯೇ ಬದಲಿಸಿ ಕಟ್ಟಿಸಿದನು. ಅಡ್ಡ ಬಂದ ಹಳೆಯ ಓಕ್ ಮರಗಳನ್ನು ಕಡಿಯಲು ಮನಸ್ಸೊಪ್ಪದೆ, ಬೇರುಸಹಿತ ಎತ್ತಿ ಬೇರೆಡೆಗೆ ನೆಡಿಸಿದನು. ಕೊಳವಿದ್ದ ಜಾಗಕ್ಕೆ ಕೂಗಳತೆಯಲ್ಲೇ, ಆಟದಂಗಣಗಳ ತಳದಲ್ಲಿ, ಇನ್ನೊಂದು ಒಳಾಂಗಣದ ಈಜುಗೊಳವನ್ನೂ ಆರಂಭಿಸಿದನು. ನೀಲಿ ಮತ್ತು ಹೊನ್ನಿನ ಬಣ್ಣದ ಗಾಜಿನ ಹರಳುಗಳನ್ನು ಒಂದೊಂದಾಗಿ ಕೂಡಿಸಿದ ಆ ‘ರೋಮನ್ ಕೊಳ’ ೧೯೨೭ರಲ್ಲಿ ತೊಡಗಿ ೧೯೩೪ರ ಹೊತ್ತಿಗೆ ಮುಗಿಯಿತು.

ಇಂಥ ಯಜಮಾನನೊಡನೆ ಬೇರೆ ಯಾರಾದರೂ ಆಗಿದ್ದರೆ ಎರಡು ವರ್ಷಕ್ಕೆ ನಕ್ಷೆಗಳನ್ನು ಮಡಿಚಿ ನಡೆದುಬಿಡುತ್ತಿದ್ದರು. ಜೂಲಿಯಾ ಮಾರ್ಗನ್ ನಡೆಯಲಿಲ್ಲ. ಆಕೆ ಬೇಡವೆಂದು ಹೇಳುವುದೇ ಇಲ್ಲವೆಂದಲ್ಲ. ಖರ್ಚೆಷ್ಟು, ದಿನವೆಷ್ಟು, ಯಾವುದು ನಿಲ್ಲುತ್ತದೆ, ಯಾವುದು ನಿಲ್ಲದು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವಳು. ಆ ಮೇಲೆ ತೀರ್ಮಾನ ಆತನದು, ಕೆಲಸ ಆಕೆಯದು. ಮೂರು ಬಾರಿಯೂ ಆಕೆ ಹೊಸದಾಗಿ ಅಳತೆ ತೆಗೆದಳು. ಹಲಗೆಯ ಸಾರುವೆಗಳ ಮೇಲೆ ತಾನೇ ಹತ್ತಿ ನೋಡಿದಳು. ೧೯೩೨ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯ ದೆಸೆಯಿಂದ ನಡೆಯುವಾಗ ಸಮತೋಲ ತಪ್ಪುವಂತಾಯಿತು. ಅದಾದ ಎರಡು ವರ್ಷಕ್ಕೆ ಯಜಮಾನ ಮೂರನೆಯ ಕೊಳದ ಕೆಲಸ ತೊಡಗಿಸಿದನು. ಆಕೆ ಮತ್ತೆ ರೈಲು ಹತ್ತಿದಳು.

ಮೂರನೆಯದು

೧೯೩೪ರಿಂದ ೧೯೩೬ರವರೆಗೆ ನಡೆದ ಈ ಕೊನೆಯ ನಿರ್ಮಾಣವೇ ಇಂದು ‘ನೆಪ್ಚೂನ್ ಕೊಳ’ ಎಂದು ಜಗತ್ಪ್ರಸಿದ್ಧವಾಗಿರುವುದು. ನೆಪ್ಚೂನನೆಂದರೆ ರೋಮನ್ನರ ವರುಣದೇವ. ದೇವಾಲಯದ ಮುಖಮಂಟಪದ ನೆತ್ತಿಯಲ್ಲಿ ಅವನ ಪ್ರತಿಮೆಯಿದೆ. ಕೊಳದ ಉದ್ದ ೧೦೪ ಅಡಿ, ಅಗಲ ೫೮ ಅಡಿ. ಆಳ ಮೂರೂವರೆ ಅಡಿಯಿಂದ ತೊಡಗಿ ೧೦ ಅಡಿಗೆ ಇಳಿಯುತ್ತದೆ. ಹಿಡಿಯುವ ನೀರು ೩,೪೫,೦೦೦ ಗ್ಯಾಲನ್, ಎಂದರೆ ಸುಮಾರು ೧೩ ಲಕ್ಷ ಲೀಟರು. ತೂಕದಲ್ಲಿ ಸುಮಾರು ೧,೩೦೦ ಟನ್ನು. ಅಷ್ಟು ಭಾರವನ್ನು ಬೆಟ್ಟದ ಪಕ್ಕೆಯಲ್ಲಿ ಎತ್ತಿ ಹಿಡಿದಿರುವುದು ಮೇಲಿನಿಂದ ಕಾಣದ ಕಾಂಕ್ರೀಟಿನ ತೊಲೆಗಳು. ಎರಡು ಬದಿಗೆ ಬಿಲ್ಲಿನಂತೆ ಬಾಗಿದ ಕಂಬಸಾಲುಗಳು, ವರ್ಮಾಂಟ್ ರಾಜ್ಯದ ಬಿಳಿಯ ಅಮೃತಶಿಲೆಯ ನೆಲಗಟ್ಟು, ಪ್ಯಾರಿಸ್ಸಿನ ಶಿಲ್ಪಿ ಶಾರ್ಲ್ ಕಸ್ಸೂ ಕೆತ್ತಿದ ಪ್ರತಿಮೆಗಳು, ಸ್ನಾನಕ್ಕೆ ಬಂದವರು ಉಡುಪು ಬದಲಿಸಲು ೧೭ ಕೋಣೆಗಳು. ಬಾನು ತಿಳಿಯಾಗಿದ್ದಾಗ ಕೊಳದ ನೀಲಿಯೂ ದೂರದ ಕಡಲಿನ ನೀಲಿಯೂ ಒಂದನ್ನೊಂದು ನೋಡುವಂತೆ ಕಾಣುತ್ತವೆ.

ಈ ವೈಭವವನ್ನು ಕಟ್ಟಿದ ಕಾಲ ಯಾವುದೆಂಬುದನ್ನು ಮರೆಯಬಾರದು. ೧೯೨೯ರ ಆರ್ಥಿಕ ಕುಸಿತದ ತರುವಾಯ ಅಮೆರಿಕದಲ್ಲಿ ಲಕ್ಷಾಂತರ ಮಂದಿ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. ಸಾಮಾನ್ಯ ಕಾಲದಲ್ಲಿ ಆ ಒಂಟಿಬೆಟ್ಟವನ್ನು ಒಲ್ಲೆನೆನ್ನುತ್ತಿದ್ದ ಬಡಗಿ, ಕಲ್ಲುಕುಟಿಗ, ಗಾರೆಯವರಿಗೆ ಈಗ ಅಲ್ಲಿಯ ವಾರದ ಕೂಲಿ ಸಂಸಾರಕ್ಕೆ ಆಸರೆಯಾಯಿತು. ಒಬ್ಬನ ಚಪಲಚಿತ್ತ ಹಲವರ ಒಲೆ ಹೊತ್ತಿಸಿತೆಂದರೆ ತಪ್ಪಾಗದು. ೧೯೩೨ರಿಂದ ಕೆಲಸದ ಮೇಲ್ವಿಚಾರಕನಾಗಿದ್ದ ಜಾರ್ಜ್ ಲೂರ್ಜ್‌ನಿಗೆ ಕಾಂಕ್ರೀಟಿನ ಚಿಂತೆಯ ಜೊತೆಗೆ, ಹಣ ನಿಂತರೆ ಯಾರನ್ನು ಮನೆಗೆ ಕಳುಹಿಸುವುದೆಂಬ ಚಿಂತೆಯೂ ಇದ್ದಿತು.

ಕೊನೆಗೊಮ್ಮೆ ಕೊಳ ಮುಗಿಯಿತು. ಅದನ್ನು ಮೊದಲು ತೊಡಗಿದಾಗ ಹರ್ಸ್ಟನಿಗೆ ಅರುವತ್ತೊಂದು ವರ್ಷ, ಈಗ ಎಪ್ಪತ್ತಮೂರು. ಇನ್ನಾದರೂ ನೆಮ್ಮದಿಯಿಂದ ಈಜಬಹುದಾಗಿತ್ತು. ಒಂದೇ ವರ್ಷದೊಳಗೆ, ೧೯೩೭ರಲ್ಲಿ, ಸಾಲಗಾರರು ಬಾಗಿಲಿಗೆ ಬಂದರು. ಹರ್ಸ್ಟ್ ಸಂಸ್ಥೆಗಳ ಸಾಲ ೧೨ ಕೋಟಿ ಡಾಲರನ್ನು ದಾಟಿದ್ದಿತು. ತನ್ನ ಪತ್ರಿಕಾಸಾಮ್ರಾಜ್ಯದ ಹಣಕಾಸಿನ ಅಧಿಕಾರವನ್ನು ಆತ ಬೇರೆಯವರ ಕೈಗೆ ಒಪ್ಪಿಸಬೇಕಾಯಿತು. ಬೆಟ್ಟದ ಮೇಲೆ ಸುತ್ತಿಗೆಯ ಸದ್ದು ನಿಂತಿತು. ಜೀವಮಾನವೆಲ್ಲ ಕೂಡಿಟ್ಟ ಕಲಾವಸ್ತುಗಳಲ್ಲಿ ಬಹುಭಾಗ ಮಾರಾಟಕ್ಕೆ ಬಂದಿತು. ೧೯೪೧ರಲ್ಲಿ ನ್ಯೂಯಾರ್ಕಿನ ದೊಡ್ಡ ಜವಳಿಮಳಿಗೆಯೊಂದರಲ್ಲಿ ಅವುಗಳಿಗೆ ಬೆಲೆಚೀಟಿ ಅಂಟಿಸಿ ಜೋಡಿಸಿಟ್ಟರು.

ಅನಂತರ ಯುದ್ಧ ಬಂದಿತು. ಕಡಲತೀರದ ಬೆಟ್ಟದ ನೆತ್ತಿ ಅಪಾಯದ ಸ್ಥಳವೆಂದು ಹರ್ಸ್ಟ್ ಕೆಲಕಾಲ ಉತ್ತರದ ಕಾಡಿನ ಮನೆಗೆ ಹೋದನು. ಯುದ್ಧ ಮುಗಿದ ಮೇಲೆ ಹಿಂದಿರುಗಿ ಮತ್ತೆ ಒಂದಿಷ್ಟು ಕಟ್ಟಿಸಿದನು. ೧೯೪೭ರಲ್ಲಿ ಹೃದಯ ದುರ್ಬಲವಾಗಿ, ವೈದ್ಯರ ಹತ್ತಿರವಿರಲೆಂದು ಬೆಟ್ಟವಿಳಿದವನು ಮತ್ತೆ ಮೇಲೇರಲಿಲ್ಲ. ೧೯೫೧ರಲ್ಲಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಕೆಲಸ ಮಾತ್ರ ಪೂರ್ತಿಯಾಗಲಿಲ್ಲ. ಸೌಧದ ಹಿಂಬದಿಯಲ್ಲಿ ಇಂದಿಗೂ ಬರಿಯ ಕಾಂಕ್ರೀಟಿನ ಗೋಡೆ ಕಾಣುವ ಭಾಗಗಳಿವೆ. ೧೯೫೭ರಲ್ಲಿ ಆತನ ಉತ್ತರಾಧಿಕಾರಿಗಳು ಆ ಸೌಧವನ್ನು ಕ್ಯಾಲಿಫೋರ್ನಿಯ ಸರಕಾರಕ್ಕೆ ಕೊಟ್ಟರು. ಜೂಲಿಯಾ ಮಾರ್ಗನ್ ಕಣ್ಮುಚ್ಚಿದ್ದೂ ಅದೇ ವರ್ಷ. ಮರುವರ್ಷ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಒಬ್ಬನ ಅಂಗಳದ ಕೊಳ ಎಲ್ಲರ ನೋಟದ ಸೊತ್ತಾಯಿತು.

ನೀರು ಕಂಡುಕೊಂಡ ದಾರಿ

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನೀರಿಗೆ ಯಾವ ಕಥೆಯೂ ಮುಗಿಯುವುದಿಲ್ಲ. ಅದು ಹಗಲೂ ರಾತ್ರಿ ಸಂದುಗಳನ್ನು ಹುಡುಕುತ್ತಲೇ ಇರುತ್ತದೆ. ೨೦೦೩ರ ಡಿಸೆಂಬರ್ ೨೨ರಂದು ಸ್ಯಾನ್ ಸಿಮಿಯನ್ ಪ್ರದೇಶವನ್ನು ೬.೫ರ ಪ್ರಮಾಣದ ಭೂಕಂಪ ನಡುಗಿಸಿತು. ಕೊಳ ಕುಸಿಯಲಿಲ್ಲ. ಆದರೆ ವಯಸ್ಸಾದ ತೊಟ್ಟಿಯ ಸೋರಿಕೆ ವರ್ಷವರ್ಷಕ್ಕೂ ಬೆಳೆದು, ಕೊನೆಗೆ ದಿನಕ್ಕೆ ಸುಮಾರು ೫,೦೦೦ ಗ್ಯಾಲನ್, ಎಂದರೆ ಹತ್ತೊಂಬತ್ತು ಸಾವಿರ ಲೀಟರಿನಷ್ಟು ನೀರು ನೆಲದ ಪಾಲಾಗತೊಡಗಿತು. ಆ ಹೊತ್ತಿಗೆ ಕ್ಯಾಲಿಫೋರ್ನಿಯಕ್ಕೆ ಭೀಕರ ಬರ ಬಂದಿದ್ದಿತು. ೨೦೧೪ರ ಜನವರಿಯಲ್ಲಿ ರಾಜ್ಯಪಾಲರು ಬರದ ತುರ್ತುಪರಿಸ್ಥಿತಿಯನ್ನು ಸಾರಿದ್ದರು. ಹೊಲಗಳಿಗೆ ನೀರಿಲ್ಲದಾಗ ಪ್ರತಿಮೆಗಳ ನಡುವೆ ನೀರು ಸೋರುವುದನ್ನು ಯಾವ ಸರಕಾರ ಸಹಿಸೀತು? ಅದೇ ವರ್ಷ ಕೊಳವನ್ನು ಬರಿದುಮಾಡಿದರು. ಸಾವಿರಾರು ಮೈಲಿಗಳಿಂದ ಬಂದ ಪ್ರವಾಸಿಗರು ಒಣಗಿದ ತೊಟ್ಟಿಯ ಮುಂದೆ ನಿಂತು ಚಿತ್ರ ತೆಗೆದುಕೊಂಡು ಹೋಗುವಂತಾಯಿತು.

ದುರಸ್ತಿಯೂ ತನ್ನ ಕಾಲವನ್ನು ತಾನು ತೆಗೆದುಕೊಂಡಿತು. ಹಾಸುಗಲ್ಲನ್ನು ಕಿತ್ತು, ತೊಟ್ಟಿಯ ಒಳಮೈಗೆ ನೀರು ಹಿಡಿಯದ ಲೇಪ ಕೊಟ್ಟು, ಹಳೆಯದಕ್ಕೆ ಹೋಲುವ ಅಮೃತಶಿಲೆಯನ್ನು ಹಳೆಯ ವಿನ್ಯಾಸದಂತೆಯೇ ಮತ್ತೆ ಜೋಡಿಸಬೇಕಾಗಿತ್ತು. ಈ ಸಲ ಯಜಮಾನನ ಮನಸ್ಸು ಬದಲಾಗುವ ಭಯವಿರಲಿಲ್ಲ. ಒಂದು ಗೆರೆಯನ್ನೂ ಬದಲಿಸಬಾರದೆಂಬುದೇ ಕಟ್ಟಪ್ಪಣೆ. ಸುಮಾರು ಒಂದು ಕೋಟಿ ಡಾಲರ್ ವೆಚ್ಚವಾಗಿ, ೨೦೧೮ರ ಆಗಸ್ಟಿನಲ್ಲಿ ಕೊಳಕ್ಕೆ ಮತ್ತೆ ನೀರು ಬಂದಿತು.

ಕೊಳ ಬರಿದಾದ ಆ ೨೦೧೪ನೆಯ ಇಸವಿಯಲ್ಲೇ ಇನ್ನೊಂದು ಬಾಕಿಯೂ ತೀರಿತು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಅತ್ಯುಚ್ಚ ಗೌರವವಾದ ಸುವರ್ಣಪದಕವನ್ನು ಜೂಲಿಯಾ ಮಾರ್ಗನ್ನಳಿಗೆ ಅರ್ಪಿಸಿತು. ಆ ಪದಕ ಪಡೆದ ಮೊದಲ ಮಹಿಳೆ ಆಕೆ. ಪಡೆಯಲು ಆಕೆಯೇ ಇರಲಿಲ್ಲ. ಸತ್ತು ಐವತ್ತೇಳು ವರ್ಷಗಳಾಗಿದ್ದವು. ಮೂರು ಬಾರಿ ಒಂದೇ ಕೊಳವನ್ನು ಬೇಸರಿಸದೆ ಕಟ್ಟಿದವಳಿಗೆ ಮನ್ನಣೆಯೂ ಇಷ್ಟು ತಡವಾಗಿ ಬಂದುದು ವಿಧಿಯ ವಿನೋದವೆನ್ನಬೇಕು.

ಹರ್ಸ್ಟನಿಗೆ ಗೋಡೆ ಒಡೆದು ಕಟ್ಟಿಸುವ ಶಕ್ತಿಯಿತ್ತು, ಮರವನ್ನು ಕಿತ್ತು ನೆಡಿಸುವ ಶಕ್ತಿಯಿತ್ತು. ಕಳೆದ ಹನ್ನೆರಡು ಬೇಸಗೆಗಳನ್ನು ಹಿಂದಕ್ಕೆ ತರಿಸುವ ಶಕ್ತಿಯಿರಲಿಲ್ಲ. ಮೂವತ್ತು ಅಡಿಯ ಹಿತ್ತಲಿನಲ್ಲಿ ಸಾಲ ಮಾಡಿ ಕೊಳ ತೋಡಿಸುವ ಸಾಮಾನ್ಯ ಗೃಹಸ್ಥನಿಗಾದರೋ ಒಂದು ಬಾರಿ ಕಟ್ಟಲಷ್ಟೇ ಹಣ, ಒಂದು ಬಾರಿ ಕಾಯಲಷ್ಟೇ ತಾಳ್ಮೆ. ಮಳೆಯನ್ನೂ ಬಂಡೆಯನ್ನೂ ತನಿಖಾಧಿಕಾರಿಯನ್ನೂ ಆತ ತಪ್ಪಿಸಲಾರ. ತಪ್ಪಿಸಬಹುದಾದದ್ದು ಒಂದೇ: ಅಳಿಸಬೇಕಾದುದನ್ನು ಕಾಗದದ ಮೇಲೆಯೇ ಅಳಿಸಿ, ಅಳೆಯಬೇಕಾದುದನ್ನು ಸೀಸದಕಡ್ಡಿಯಿಂದಲೇ ಅಳೆದು, ಮನೆಯವರೆಲ್ಲ ಕುಳಿತು ಒಮ್ಮತಕ್ಕೆ ಬಂದ ಮೇಲೆ ಹಾರೆಯನ್ನು ಎತ್ತುವುದು. ಕಾಗದದ ಮೇಲೆ ಒಂದು ಗೆರೆ ಸರಿಸಲು ಒಂದು ನಿಮಿಷ ಸಾಕು. ಅದೇ ಗೆರೆ ಕಾಂಕ್ರೀಟಾದ ಮೇಲೆ ಸರಿಸಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಕಡಲ ಕಡೆಗೆ ಮುಖಮಾಡಿದ ಆ ನೀಲಿ ಕೊಳ ಇಂದಿಗೂ ಹೇಳುತ್ತಿದೆ.